ಅಷ್ಟಮಿಯ ದಿನ ಅಳೆದ ಖಾಡಿ

ನಾಲ್ಕು ವರ್ಷದ ಹಿಂದೆ ನಾನು ಮುಂಬಯಿ ಉಪನಗರದಲ್ಲಿ ಸರ್ಕಾರಿ ಜಮೀನು ಅಳೆಯುವ ಹಿರಿಯ ಸರ್ವೇಯರ್ ಆಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ವಿಜಯಪುರದ ಕಡೆಯಿಂದ ಬಂದು ಇಲ್ಲೇ ತಲೆ ನರೆಸಿಕೊಂಡವನು ನಾನು. ನನ್ನ ನಕ್ಷೆಯಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಮಲಾಡಿನ ಪಶ್ಚಿಮಕ್ಕೆ, ಸಮುದ್ರದ ನೀರು ಒಳಗೆ ಬಂದು ಹೋಗುವ ಖಾಡಿಯ ದಂಡೆಯಲ್ಲಿದ್ದ ಒಂದು ಸರ್ಕಾರಿ ಪ್ಲಾಟನ್ನು ಹರಾಜು ಹಾಕಲು ಮೇಲಿನವರು ತೀರ್ಮಾನಿಸಿದ್ದರು. ಅದರ ಒಂದು ಅಂಚಿಗೆ ಬಿಲ್ಡಿಂಗುಗಳು, ಇನ್ನೊಂದು ಅಂಚಿಗೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡು. ಹೈ ಟೈಡ್ ಲೈನ್, ಅಂದರೆ ಉಬ್ಬರದ ನೀರು ಏರಿ ನಿಲ್ಲುವ ಗಡಿಯನ್ನು ನಕ್ಷೆಯಲ್ಲಿ ತೋರಿಸಬೇಕಿತ್ತು. ಆ ಗೆರೆಯ ಆಚೆಗಿನದನ್ನು ಮಾರುವಂತಿಲ್ಲ. ನಾನು ಅಳೆದೆ, ಗೆರೆ ಎಳೆದೆ, ಸಹಿ ಹಾಕಿದೆ. ನನ್ನ ಲೆಕ್ಕದಲ್ಲಿ ಪ್ಲಾಟು ಪೂರ್ತಿ ಒಣ ಜಮೀನು, ಯಾರೂ ಬಳಸದ ಖಾಲಿ ಜಾಗ.

ಹರಾಜಿನ ಬೋರ್ಡು ನಿಲ್ಲಿಸುವ ದಿನ ಗಡಿಕಲ್ಲು ತೋರಿಸಲು ಹೋಗಿದ್ದೆ. ಕಾಂಡ್ಲಾ ಗಿಡಗಳ ನಡುವಿನಿಂದ, ತೊಡೆಯವರೆಗೆ ಕೆಸರು ಮೆತ್ತಿಕೊಂಡು, ಏಡಿಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದಳು. ಹೆಸರು ಸುಲೋಚನಾ. ಕಾರವಾರದ ಮೀನುಗಾರರ ಮಗಳು, ಇಲ್ಲಿಯ ಬೆಸ್ತರ ಕೇರಿ ಕೋಳಿವಾಡಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷ. ಖಾಡಿಯಲ್ಲಿ ಏಡಿ ಹಿಡಿದೇ ಮನೆ ನಡೆಸಿದವಳು. ಫೋನಿನಲ್ಲಿ ನಾನಾಡುತ್ತಿದ್ದ ಕನ್ನಡ ಕೇಳಿ ಬುಟ್ಟಿ ಇಳಿಸಿದಳು.

“ಸಾಹೇಬ್ರೇ, ಅಳತೆಗೆ ಯಾವ ದಿವ್ಸ ಬಂದಿದ್ರಿ?”

ಡೈರಿ ತೆಗೆದು ತಾರೀಖು ಹೇಳಿದೆ. ಬೆರಳು ಮಡಚಿ ಎಣಿಸಿ, ಬಿದ್ದು ಬಿದ್ದು ನಕ್ಕಳು.

“ಅಯ್ಯೋ ದೇವಾ, ಅಷ್ಟಮಿ! ಉಪವಾಸದ ದಿವ್ಸ ಬಂದು, ಈ ಮನೇಲಿ ಒಲೆನೇ ಹಚ್ಚೂದಿಲ್ಲ ಅಂತ ಬರ್ಕೊಂಡು ಹೋದಂಗಾಯ್ತು. ಅಮಾವಾಸ್ಯೆಗೆ ಬನ್ನಿ, ಆಗ ಕಾಣ್ತದೆ.”

ನನಗೆ ಕೆಂಡದಂಥ ಕೋಪ ಬಂತು. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ. ಅಷ್ಟಮಿಯ ಹೊತ್ತಿಗೆ ಉಬ್ಬರ ಸಪ್ಪೆಯಾಗಿರುತ್ತದೆ, ನೀರು ಹೆಚ್ಚು ಏರುವುದಿಲ್ಲ. ಯಂತ್ರದ ಮುಕ್ಕಾಲಿ ಕೆಸರಲ್ಲಿ ಹೂಳದಿರಲಿ ಎಂದು ನಾವು ಸರ್ವೇಯರುಗಳು ಪಂಚಾಂಗ ನೋಡಿ ಅಂಥ ದಿನವನ್ನೇ ಆರಿಸುತ್ತಿದ್ದೆವು. ಹಿರಿಯರು ಕಲಿಸಿಕೊಟ್ಟ ಜಾಣತನ ಅದು. ನಾನೂ ಎಷ್ಟೋ ಜನರಿಗೆ ಕಲಿಸಿದ್ದೆ. ಅದೇ ಅಳತೆಯಲ್ಲಿ ನೀರಿನ ಗಡಿ ಎಳೆದುಬಿಡುತ್ತೇವೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ರಜೆ ಹಾಕಿ ಹೋದೆ. ಹನ್ನೆರಡೂವರೆಗೆ ನೀರು ಸದ್ದಿಲ್ಲದೆ ಬಂತು. ನಾನು ನಿಲ್ಲಿಸಿದ್ದ ಹದಿನಾಲ್ಕು ಕಲ್ಲುಗಳಲ್ಲಿ ಒಂಬತ್ತು ಮುಳುಗಿದವು. ನೀರು ಇಳಿದ ಮೇಲೆ ಸುಲೋಚನಾ ನನ್ನನ್ನು ಒಳಗೆ ಕರೆದೊಯ್ದಳು. ಕೆಸರಿನಲ್ಲಿ ನರಿಯ ಹೆಜ್ಜೆಗಳಿದ್ದವು, ತುಸು ದೂರದಲ್ಲಿ ಬೆಳ್ಳಕ್ಕಿಗಳ ಹಿಂಡು. ಅವಳು ಬಿಲಕ್ಕೆ ಕೈ ಹಾಕಿ ದೊಡ್ಡ ಏಡಿಯೊಂದನ್ನು ಎಳೆದಳು, ತಿರುಗಿಸಿ ಹೊಟ್ಟೆ ನೋಡಿ ವಾಪಸ್ಸು ಬಿಟ್ಟಳು.

“ಮೊಟ್ಟೆ ಉಂಟು. ಇವಳನ್ನ ಹಿಡಿದ್ರೆ ಬರೋ ವರ್ಷ ನಾ ಏನು ಹಿಡೀಲಿ?”

ಖಾಲಿ ಜಾಗ ಎಂದು ಬರೆದಿದ್ದೆನಲ್ಲ, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ನನ್ನ ನಕ್ಷೆ ತಪ್ಪು, ಮರು ಅಳತೆ ಆಗಬೇಕು ಎಂದು ನಾನೇ ಬರೆದುಕೊಟ್ಟೆ. ಕಚೇರಿಯ ಸಾಹೇಬರು ಮರಾಠಿಯಲ್ಲಿ ಗದರಿದರು: “ರಿಟೈರ್ ಆಗೋ ಹೊತ್ತಿಗೆ ಇಲ್ಲದ ಉಸಾಬರಿ ಯಾಕಯ್ಯಾ? ಸಹಿ ನಿನ್ನದೇ ಅಲ್ವಾ?”

“ಅದಕ್ಕೇ ಸರ್,” ಅಂದೆ. ಮೆಮೊ ಕೊಟ್ಟರು, ತೆಗೆದುಕೊಂಡೆ.

ಎರಡು ತಿಂಗಳ ಬಳಿಕ ಮರು ಅಳತೆ ಅಮಾವಾಸ್ಯೆಯಂದೇ ಆಯಿತು. ನೀರು ಮುಟ್ಟುವ ಭಾಗವೆಲ್ಲ ಹರಾಜಿನಿಂದ ಹೊರಗುಳಿಯಿತು. ರಸ್ತೆಯ ಪಕ್ಕದ ಒಣ ಪಟ್ಟಿ ಮಾತ್ರ ಮಾರಾಟಕ್ಕೆ. ಸುದ್ದಿ ಹೇಳಲು ಜಂಬದಿಂದಲೇ ಹೋದೆ. ಅವಳು ನಗಲಿಲ್ಲ.

“ಖಾಡಿ ಉಳೀತು, ದೇವ್ರು ನಿಮ್ಮನ್ನ ಚೆಂದ ಇಡ್ಲಿ. ಆದ್ರೆ ಒಣ ಪಟ್ಟಿಗೆ ಗೋಡೆ ಹಾಕ್ತಾರಲ್ಲ, ನಾವು ನೀರಿಗೆ ಇಳಿಯೋದು ಎಲ್ಲಿಂದ?”

ಮೂವತ್ತು ವರ್ಷ ಅವಳು ನಡೆದ ಕಾಲುದಾರಿ ಆ ಪಟ್ಟಿಯ ಮೇಲೇ ಹಾದುಹೋಗಿತ್ತು. ನಕ್ಷೆ ಇನ್ನೂ ನನ್ನ ಕೈಯಲ್ಲಿತ್ತು, ಕೊನೆಯ ಸಹಿ ಆಗಿರಲಿಲ್ಲ. ಹಳೆಯ ವಹಿವಾಟಿನ ದಾರಿ, ಅಂದರೆ ಜನ ಮೊದಲಿನಿಂದ ಬಳಸುತ್ತ ಬಂದ ದಾರಿ ಎಂದು ನಮೂದಿಸಿದರೆ ಕೊಂಡವರು ಅದನ್ನು ಮುಚ್ಚುವಂತಿಲ್ಲ. ಅಲ್ಲೇ ಟೇಪು ಬಿಚ್ಚಿದೆ. ಟೆಂಪೋ ಬರುವಷ್ಟು ಅಗಲ ಬರೆಯಲೇ ಎಂದು ಕೇಳಿದೆ. ತಪ್ಪಿನ ಭಾರ ಇಳಿಸಿಕೊಳ್ಳುವ ಆತುರ ನನಗೆ.

“ಟೆಂಪೋ ಬಂದ್ರೆ ಅದರ ಹಿಂದೆ ಅಂಗಡಿ ಬರ್ತದೆ, ನರಿ ಓಡಿಹೋಗ್ತದೆ. ಬೇಡ,” ಅಂದಳು. ನೆರೆಮನೆಯವಳನ್ನು ಕರೆದಳು. ಇಬ್ಬರೂ ಸೊಂಟದ ಮೇಲೆ ಬುಟ್ಟಿಯಿಟ್ಟು ಎದುರುಬದುರು ನಡೆದರು. “ಬುಟ್ಟಿಗೆ ಬುಟ್ಟಿ ತಾಗಬಾರದು. ಅಷ್ಟು ಸಾಕು.”

ಅಳೆದೆ. ಏಳು ಅಡಿ. ಜಮೀನನ್ನು ಅದು ತುಂಬಿರುವ ದಿನ ಹೋಗಿ ನೋಡಬೇಕು ಎಂಬುದನ್ನು ಈ ಕೆಲಸ ನನಗೆ ಕೊನೆಯ ವರ್ಷದಲ್ಲಿ ಕಲಿಸಿತು. ಆದರೆ ಎಷ್ಟು ಸಾಕು ಎಂದು ಮೊದಲು ಕೇಳಬೇಕಾದದ್ದು ಅಲ್ಲಿ ನಡೆಯುವವರನ್ನು. ನನ್ನ ಇಡೀ ನೌಕರಿಯಲ್ಲಿ ನಾನು ಹಾಗೆ ಕೇಳಿ ಬರೆದ ಅಳತೆ ಅದೊಂದೇ.