ಮೊಪೆಡ್ಡಿನ ಮನೆ ವಿಳಾಸ

ನಮ್ಮ ಕಡೆಯ ಜನ ಮುಖಕ್ಕಿಂತ ಮೊದಲು ಗಾಡಿಯ ನಂಬರ್ ಓದುತ್ತಾರೆ. ತಿರುವಿನಲ್ಲಿ ಎದುರಾದ ಜೀಪು ದಾಟಿ ಹೋದ ಮೇಲೆ ಬಸ್ಸಿನಲ್ಲಿ ಕೂತವರಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: ಅದು ಇಂಥವರದ್ದು, ಮಗಳ ಮದುವೆಯ ವರ್ಷ ತಗೊಂಡದ್ದು. ಇದು ಬರೀ ಚಪಲವಲ್ಲ. ಘಟ್ಟದ ರಸ್ತೆಯಲ್ಲಿ ಗಾಡಿ ಹಳ್ಳಕ್ಕೆ ಬಿದ್ದರೆ ಮೊದಲು ಕಂಡವನು ಪೆಟ್ಟಾದವರನ್ನು ಮೇಲೆತ್ತಬೇಕು, ಆಮೇಲೆ ಬಂದವನು ನಂಬರ್ ಹಿಡಿದು ಮನೆ ಹುಡುಕಬೇಕು. ಸುದ್ದಿ ತಂದವನು ಬಂದ ಕೂಡಲೇ ಹೇಳುವಂತಿಲ್ಲ. ಜಗಲಿಯಲ್ಲಿ ಕೂತು ನೀರು ಕೇಳಬೇಕು, ಮನೆಯಲ್ಲಿ ಹಿರಿಯರು ಯಾರಿದ್ದಾರೆ ಎಂದು ವಿಚಾರಿಸಬೇಕು, ಆಮೇಲೆ ಬಾಯಿ ಬಿಡಬೇಕು. ನನ್ನ ಮೈದುನನ ಜೀಪು ದೇವರಮನೆ ಬೆಟ್ಟದ ತಿರುವಿನಲ್ಲಿ ಮಗುಚಿದಾಗ ಗುರುತಿಲ್ಲದ ಒಬ್ಬ ಹಾಗೆಯೇ ಬಂದು ಕೂತು ಮಜ್ಜಿಗೆ ಕುಡಿದಿದ್ದ. ಮೊದಲ ಲೋಟಕ್ಕೇ ನಮ್ಮ ಅತ್ತೆಗೆ ತಿಳಿದುಹೋಗಿತ್ತು. ಆದರೂ ಎರಡನೆಯ ಲೋಟವನ್ನು ಅವರೇ ತಂದು ಕೊಟ್ಟರು. ಅವನು ಹೇಳುವುದು ಅಷ್ಟು ತಡವಾಗಲಿ ಎಂದು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾವು ಮೂಡಿಗೆರೆಯಲ್ಲಿದ್ದೆವು. ನಮ್ಮ ಮನೆಯವರು ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಆಳುಗಳ ಲಾರಿ ಹತ್ತಿ ಹೋಗುತ್ತಿದ್ದರು. ಹಿಂದಿನ ಕೋಣೆಯನ್ನು ನಾನು ಬಟ್ಟೆ ಹೊಲಿಯುವ ಹೆಂಗಸೊಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದೆ. ಮಲ್ಲಂದೂರಿನ ಆಚೆ, ದೊಡ್ಡ ತೋಟದ ಮನೆಯಿಂದ ಗಂಡನನ್ನು ಬಿಟ್ಟು ಬಂದವಳು. ಏಕೆಂದು ನಾನು ಕೇಳಿರಲಿಲ್ಲ. ಅವಳ ಎಡ ಅಂಗೈ ನೋಡಿದ ಮೇಲೆ ಕೇಳಬೇಕೆನಿಸಲಿಲ್ಲ. ಅದರಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ, ಒದ್ದೆ ಸಾಬೂನಿನ ಹಾಗೆ ನುಣುಪು. ಒಂದು ಮಧ್ಯಾಹ್ನ ಕಾಜಾ ಹಾಕುತ್ತ ತಾನಾಗಿಯೇ ಹೇಳಿದಳು:

"ಕಾಫಿ ಹುರಿಯೋ ಬಾಣ್ಲಿ ಅಕ್ಕಾ. ಅವ್ರು ಒತ್ತಿ ಹಿಡಿದದ್ದು. ಅತ್ತಿಗೆ ನನ್ನ ಮಣಿಕಟ್ಟು ಹಿಡ್ಕೊಂಡಿದ್ರು. ನಾನು ಅಲುಗಾಡಿದ್ರೆ ಬೀಜ ಚೆಲ್ಲತ್ತಲ್ಲ, ಅದಕ್ಕೆ."

ಹೇಳಿ ದಾರ ಕಚ್ಚಿ ತುಂಡು ಮಾಡಿದಳು. ತಾನಿರುವ ಮನೆ ಗಂಡನಿಗೆ ಗೊತ್ತಾಗಬಾರದು ಎಂಬುದೊಂದನ್ನು ಬಿಟ್ಟರೆ ಅವಳಿಗೆ ಬೇರೆ ಬೇಡಿಕೆ ಇರಲಿಲ್ಲ. ಆಲ್ದೂರು, ವಸ್ತಾರೆ ಕಡೆಯ ಬಂಗಲೆಗಳಿಗೆ ರವಿಕೆ ತಲುಪಿಸಲೆಂದು ಹಳೆಯ ಮೊಪೆಡ್ ಒಂದನ್ನು ಕೊಂಡಳು. ಅದನ್ನು ಅವಳ ಹೆಸರಿಗೆ ಮಾಡಿಸಬೇಕಾಗಿತ್ತು. ಗಾಡಿಗಳ ಕಾಗದಪತ್ರ ಮಾಡಿಸುವ ಏಜೆಂಟ್ ಒಬ್ಬರು ನಮ್ಮ ಕೇರಿಯಲ್ಲೇ ಇದ್ದರು. ಒಳ್ಳೆಯವರು, ಯಾರ ಮನೆಯ ಸಾವಿಗೂ ತಪ್ಪಿಸುತ್ತಿರಲಿಲ್ಲ.

"ವಿಳಾಸ ಬರೀದೇ ಇರೋಕೆ ಆಗತ್ತಾ?" ಎಂದು ಅವರನ್ನು ಕೇಳಿದಳು.

"ಗಾಡಿ ಅಂದ್ಮೇಲೆ ಮನೆ ಬೇಡ್ವಾ ಮಾರಾಯ್ತಿ? ನಾಳೆ ಬಿದ್ರೆ ಯಾರಿಗೆ ಹೇಳೂದು?"

"ಯಾರಿಗೂ ಹೇಳೂದು ಬೇಡ."

ಅವರು ನಕ್ಕರು. "ಹೆದ್ರಬೇಡ. ಕಂಡಕಂಡವ್ರಿಗೆ ಕೊಡೂದಿಲ್ಲ ಅದನ್ನ. ಪೊಲೀಸ್ರಿಗೆ, ಕೋರ್ಟಿಗೆ. ಮತ್ತೆ ಏನಾದ್ರೂ ಅಪಘಾತ ಆದ್ರೆ. ಅಷ್ಟೇ."

ಮಳೆಗಾಲ ಹಿಡಿದ ಮೇಲೆ ಒಂದು ದಿನ, ಊಟದ ಹೊತ್ತು ದಾಟಿತ್ತು, ಅದೇ ಏಜೆಂಟ್ ಛತ್ರಿ ಮಡಚಿ ನಮ್ಮ ಜಗಲಿಗೆ ಬಂದು ಕೂತರು. ಕೂತವರು ನೀರು ಕೇಳಿದರು. "ಮನೇಲಿ ಹಿರಿಯರು ಯಾರಿದ್ದಾರಮ್ಮ?" ಎಂದರು. ಲಾರಿ, ತಿರುವು, ನಮ್ಮ ಮನೆಯವರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ನಿಮ್ಮವರಲ್ಲ," ಎಂದರು ಅವರು. "ಹಿಂದಿನ ಕೋಣೆ ಹುಡುಗಿ. ಮೊಪೆಡ್ ದೇವರಮನೆ ತಿರುವಲ್ಲಿ ಕೆಳಗೆ ಹೋಗಿದೆ. ಪ್ರಜ್ಞೆ ಇಲ್ವಂತೆ."

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಕೊರಳಿಗೆ ಟೇಪು ಹಾಕಿಕೊಂಡು ಅವಳು ಬಾಗಿಲಿಗೆ ಬಂದಳು. ಮೊಪೆಡ್ ಸೂರಿನಡಿ ಒರಗಿ ನಿಂತಿತ್ತು. ಏಜೆಂಟ್ ಅದನ್ನೂ ಅವಳನ್ನೂ ನೋಡಿದರು. ಅವರ ಮುಖದಲ್ಲಿ ಎಷ್ಟು ಸಂತೋಷ ಬಂತೆಂದರೆ, ಪಾಪ, ಅಳುವುದೊಂದು ಬಾಕಿ.

"ದೇವರು ದೊಡ್ಡವ್ನು. ಯಾರೋ ನಂಬರ್ ತಪ್ಪಿ ಹೇಳಿದ್ದಾರೆ."

"ಯಾರು ಹೇಳಿದ್ದು?" ಅವಳು ಕೇಳಿದಳು.

"ಮಲ್ಲಂದೂರು ಕಡೆಯವ್ರೊಬ್ರು ಬೆಳಿಗ್ಗೆ ಆರ್‌ಟಿಓ ಕಚೇರಿಗೆ ಬಂದಿದ್ರು. ಕಣ್ಣಲ್ಲಿ ನೀರು. ಬಿದ್ದವಳ ಗಾಡಿ ನಂಬರ್ ಮಾತ್ರ ಗೊತ್ತು, ಮನೆಗೆ ತಿಳಿಸ್ಬೇಕು ಅಂದ್ರು. ಗುಮಾಸ್ತರು ಬುತ್ತಿ ಮುಚ್ಚಿಟ್ಟು ಎದ್ದು ಹುಡುಕಿ ಕೊಟ್ರು. ನನಗೆ ಮನಸ್ಸು ತಡೀಲಿಲ್ಲ, ಅವ್ರಿಗಿಂತ ಮೊದ್ಲು ಬಂದು ಹೇಳಾಣ ಅಂತ..."

ಅವಳು ಲೋಟಕ್ಕೆ ಇನ್ನಷ್ಟು ನೀರು ಹಾಕಿ ಕೊಟ್ಟಳು. ಅವರು ಕುಡಿದು ಮುಗಿಸುವ ಮೊದಲೇ ಜೀಪು ಬಂದು ಎದುರಿಗೆ ನಿಂತಿತು.

ಮೊದಲು ಇಳಿದವರು ಅವಳ ಅತ್ತಿಗೆ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಕುಂಕುಮದ ಭರಣಿ. ನನಗೂ ಪಕ್ಕದ ಮನೆಯವರಿಗೂ ಕುಂಕುಮ ಕೊಟ್ಟು, ಎಲ್ಲರೂ ನೋಡುತ್ತಿದ್ದ ಹಾಗೆ ಅವಳ ಎಡಗೈಯನ್ನು ತಮ್ಮ ಕೈಗೆ ತೆಗೆದುಕೊಂಡರು.

"ನೋಡಾಣ. ಎಷ್ಟು ಚೆಂದ ಒಣಗಿದೆ. ನಾನು ಹೇಳಿರ್ಲಿಲ್ವಾ, ನಮ್ಮನೆ ಬಾಣ್ಲಿ ಸುಟ್ಟದ್ದು ಕೀವು ಆಗೂದಿಲ್ಲ ಅಂತ? ನಮ್ಮ ಡ್ರೈವರ್ ನಿನ್ನನ್ನ ವಸ್ತಾರೆ ಹತ್ರ ಕಂಡ. ಮಾತಾಡ್ಸೋದು ಬಿಟ್ಟು ನಂಬರ್ ನೋಡ್ಕೊಂಡು ಬಂದಿದ್ದಾನೆ, ಹೆಡ್ಡ."

ಗಂಡ ಜೀಪಿನಿಂದ ಇಳಿಯಲಿಲ್ಲ. "ಅವಸರ ಇಲ್ಲ," ಎಂದ ಅಲ್ಲಿಂದಲೇ. "ಬರೋವರೆಗೆ ಕೂತ್ಕೊತೀನಿ. ರಸ್ತೆ ಎಲ್ಲರದ್ದು."

ಮರುದಿನದಿಂದ ಅವನು ಬಂದು ಕೂರತೊಡಗಿದ. ಬೆಳಿಗ್ಗೆ ಜೀಪು ತಂದು ನಿಲ್ಲಿಸಿದರೆ ಕತ್ತಲಾಗುವವರೆಗೆ ಅಲ್ಲಾಡುತ್ತಿರಲಿಲ್ಲ. ಬಟ್ಟೆ ಕೊಡಲು ಬಂದ ಹೆಂಗಸರನ್ನು ಹತ್ತಿರ ಕರೆದು, ಅವಳಿಗೆ ತಲೆ ಸರಿ ಇಲ್ಲ, ಕತ್ತರಿ ದೂರ ಇಡಿ ಎನ್ನುತ್ತಿದ್ದ. ಹೆಂಗಸರು ಅಳತೆಯ ರವಿಕೆಗಳನ್ನು ವಾಪಸ್ಸು ಕೇಳತೊಡಗಿದರು. ಪಕ್ಕದ ಮನೆಯಾಕೆ ನನ್ನ ಹತ್ತಿರ, "ಇಷ್ಟು ಮಳೇಲಿ ಹೆಂಡ್ತಿಗೋಸ್ಕರ ಕಾಯ್ತಾ ಕೂತಿದ್ದಾರಲ್ಲ, ಎಂಥಾ ಗಂಡ!" ಎಂದರು.

ನಾವಿಬ್ಬರೂ ಬಸ್ಸಿನಲ್ಲಿ ಆ ಕಚೇರಿಗೆ ಹೋದೆವು. ಜೀಪು ಬಸ್ಸಿನ ಹಿಂದೆಯೇ ಬಂತು. ಯಾವ ಪೇಟೆಯ ಕಚೇರಿ ಎಂಬುದನ್ನು ನಾನು ಬರೆಯುವುದಿಲ್ಲ. ಗುಮಾಸ್ತರು ಸಮಾಧಾನದ ಮನುಷ್ಯ. ನಮಗೆ ಬೆಂಚು ತೋರಿಸಿದರು.

"ಅಪಘಾತ ಅಂದ್ರೆ ಕೊಡ್ಬಹುದಮ್ಮ. ಅದಕ್ಕೆ ಅವಕಾಶ ಇದೆ."

"ಅಪಘಾತ ಆಗೇ ಇಲ್ಲ," ಎಂದಳು ಅವಳು.

"ಒಳ್ಳೇದಾಯ್ತಲ್ಲ."

ತಾನು ಮನೆ ಬದಲಿಸಿದರೆ ಏನಾಗುತ್ತದೆ ಎಂದು ಅವಳು ಕೇಳಿದಳು.

"ಬದ್ಲಿಸಿ, ಯಾರು ಬೇಡ ಅಂದ್ರು? ಹೊಸ ವಿಳಾಸ ತಂದು ಇಲ್ಲಿ ಬರೆಸ್ಬೇಕು. ಬರೆಸ್ದಿದ್ರೆ ದಂಡ ಬೀಳತ್ತೆ."

ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆ ಕೂತಿದ್ದಳು. "ಅಕ್ಕಾ, ಗಾಡಿ ಇಲ್ಲೇ ಇರ್ಲಿ," ಎಂದಳು.

ಸೋಮವಾರ ಬೆಳಿಗ್ಗೆ ನಮ್ಮ ಮನೆಯವರನ್ನು ಕರೆದೊಯ್ಯಲು ಲಾರಿ ಬಂತು. ಹಿಂದೆ ಕಳೆ ತೆಗೆಯುವ ಹೆಂಗಸರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಎಲ್ಲರ ತಲೆಯ ಮೇಲೂ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನ ಕೊಪ್ಪೆ, ಸೊಂಟಕ್ಕೆ ಹರಕು ಅಂಗಿ. ಅವಳೂ ಹಾಗೆಯೇ ಕೊಪ್ಪೆ ಹಾಕಿ, ಕೈಯಲ್ಲಿ ನನ್ನ ಹುಲ್ಲುಗತ್ತಿ ಹಿಡಿದು, ಜೀಪಿನ ಮೂತಿಯ ಮುಂದೆಯೇ ನಡೆದು ಹೋಗಿ ಲಾರಿ ಹತ್ತಿದಳು. ಗಂಡ ಅವಳನ್ನು ನೋಡಿದ. ಸರಿಯಾಗಿಯೇ ನೋಡಿದ. ಮೊಪೆಡ್ ಕಾಣದಂತೆ ಅಡ್ಡ ಬಂದಳೆಂದು ಹಾರ್ನ್ ಹೊಡೆದ. ಕಾಡಿನಲ್ಲಿ ಹೋಗುವ ಜೀಪಿನ ನಂಬರನ್ನೂ ಬಾಯಿಪಾಠ ಹೇಳುವ ಆ ಮನೆತನದವರು ಜನ್ಮದಲ್ಲಿ ಒಂದು ಸಲವೂ ಆಳಿನ ಮುಖ ನೋಡಿದವರಲ್ಲ. ಲಾರಿ ಹೊರಟಿತು. ಅವನು ಕಿಟಕಿ ಒರೆಸಿಕೊಂಡು ಮತ್ತೆ ಮೊಪೆಡ್ಡಿನ ಕಡೆ ತಿರುಗಿ ಕೂತ.

ಎಸ್ಟೇಟಿನಿಂದ ಅವಳು ಮುಂದೆ ಎಲ್ಲಿಗೆ ಹೋದಳೆಂದು ನಾನು ಕೇಳಲಿಲ್ಲ. ಮನೆಯವರಿಗೂ ಕೇಳಬೇಡಿ ಎಂದಿದ್ದೆ.

ಆ ದಿನದಿಂದ ನನಗೊಂದು ಕೆಲಸ ಹೆಚ್ಚಾಯಿತು. ಬೆಳಿಗ್ಗೆ ರಂಗೋಲಿ ಹಾಕಿ ಬಂದವಳು ಮೊಪೆಡ್ಡನ್ನು ಒರೆಸಿ ಸೀಟಿನ ಮೇಲೆ ಅವಳ ಟವೆಲ್ ಹರವುತ್ತಿದ್ದೆ. ಅವನು ಊಟಕ್ಕೆಂದು ಪೇಟೆ ಕಡೆ ಹೋದಾಗ ಚಕ್ರಕ್ಕೆ ಹಸಿ ಕೆಸರು ಮೆತ್ತಿ ಮುಖ ಆ ಕಡೆಯಿಂದ ಈ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದೆ. ಮಧ್ಯಾಹ್ನ ಅಕ್ಕಿ ಆರಿಸುವ ಮೊದಲು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಸೂಜಿ ತೆಗೆದ ಹೊಲಿಗೆ ಯಂತ್ರವನ್ನು ಸುಮ್ಮನೆ ತುಳಿಯುತ್ತಿದ್ದೆ. ಸಂಜೆ ಅವನಿಗೆ ಕಾಫಿ ಕೊಡುತ್ತಿದ್ದೆ. ಮನೆ ಮುಂದೆ ಕೂತವರಿಗೆ ಕೊಡದೆ ಇರಲಾಗುತ್ತದೆಯೇ? ಸಕ್ಕರೆ ಒಂದು ಚಮಚ ಹೆಚ್ಚೇ ಹಾಕುತ್ತಿದ್ದೆ.

"ಇನ್ನೂ ಹಟಾನಾ ಅವಳಿಗೆ?" ಎಂದು ಒಂದು ದಿನ ಲೋಟ ವಾಪಸ್ಸು ಕೊಡುತ್ತ ಕೇಳಿದ. ದನಿ ಕೆಮ್ಮಿಗೆ ಒಡೆದಿತ್ತು. ಜೀಪಿನ ಸೀಟಿಗೆ ಬೂಷ್ಟು ಹಿಡಿದ ವಾಸನೆ ಬರುತ್ತಿತ್ತು.

"ಗಾಡಿ ಇಲ್ಲೇ ಇದೆಯಲ್ಲ," ಎಂದೆ.

ಮಲ್ಲಂದೂರಿನ ಕಡೆ ಆ ವರ್ಷ ಕೊಳೆ ರೋಗ ಜೋರು ಎಂದು ಜನ ಹೇಳಿಕೊಳ್ಳುತ್ತಿದ್ದರು. ಯಜಮಾನ ಎದುರಿಗೆ ನಿಂತು ಬೋರ್ಡೋ ಔಷಧಿ ಹೊಡೆಸದ ತೋಟಗಳಲ್ಲಿ ಕಾಯಿ ಕಪ್ಪಾಗಿ ಉದುರಿತಂತೆ. ಅವನ ತೋಟದ್ದೂ ಉದುರಿತೆಂದು ನಮ್ಮ ಮನೆಯವರು ಹೇಳಿದಾಗ ನಾನು ಇನ್ನೊಮ್ಮೆ ಹೇಳಿ ಎಂದೆ. ಅವರು ನನ್ನ ಮುಖ ನೋಡುತ್ತ ಇನ್ನೊಮ್ಮೆ ಹೇಳಿದರು.

ಮಳೆ ಕಡಿಮೆಯಾದ ಮೇಲೆ ಒಂದೆರಡು ದಿನ ಜೀಪು ಬರಲಿಲ್ಲ. ಕಟ್ಟೆಯ ಮೇಲೆ ಕೂತು ನೋಡಿ ನೋಡಿ ನನಗೆ ಬೇಜಾರಾಯಿತು. ಆಮೇಲೆ ಏಜೆಂಟ್ ಸಿಕ್ಕಿ ಹೇಳಿದರು, ಅವನು ಮತ್ತೆ ಕಚೇರಿಗೆ ಹೋಗಿದ್ದನಂತೆ, ವಿಳಾಸ ಬದಲಾಗಿದೆಯೇ ಎಂದು ನೋಡಿಸಲು. ಈ ಸಲ ಏನು ಕಾರಣ ಹೇಳಿದನೋ. ಬದಲಾಗಿರಲಿಲ್ಲ. ನಮ್ಮ ಮನೆಯೇ ಇತ್ತು.

ಮರುದಿನ ಬೆಳಿಗ್ಗೆ ಜೀಪಿನ ಸದ್ದು ಕೇಳಿತು. ನಾನು ಹಾಲು ಒಲೆಯಿಂದ ಇಳಿಸಿ, ಒದ್ದೆ ಟವೆಲ್ ಹಿಂಡಿಕೊಂಡು ಹೋಗಿ ಮೊಪೆಡ್ಡಿನ ಸೀಟಿಗೆ ಹರವಿದೆ.