ಆಯಿಯ ದೀಕ್ಷಾಸ್ನಾನ

ಆಗೆಲ್ಲ ನಮ್ಮ ಮನೆಯಲ್ಲಿ ಬೇಸಿಗೆ ರಜೆ ಎಂದರೆ ಮಾವಿನಹಣ್ಣು, ಹಿತ್ತಲಲ್ಲಿ ಚಿಣಿಪಣಿ ಆಟ, ಮತ್ತು ದೇವರು ಯಾರನ್ನು ಆರಿಸಿಕೊಂಡಿದ್ದಾನೆ ಎಂಬ ಜಗಳ. ಮೊದಲಿನ ಎರಡು ಗೋಕಾಕದ ಎಲ್ಲ ಮನೆಗಳಲ್ಲೂ ಇದ್ದವು. ಮೂರನೆಯದು ಮಾತ್ರ, ಊರಿನ ಬೆರಳೆಣಿಕೆಯ ಕ್ರೈಸ್ತ ಮನೆಗಳ ಪೈಕಿ ನಮ್ಮ ಮನೆಗೇ ಮೀಸಲು.

ಜಗಳ ಹುಕ್ಕೇರಿಯಲ್ಲಿ ಸಾಲಿ ಮಾಸ್ತರನಾಗಿದ್ದ ಅಪ್ಪನ ತಮ್ಮ ಕಾಕಾ ಮತ್ತು ಮೂಡಲಗಿಯಲ್ಲಿ ದರ್ಜಿಯಾಗಿದ್ದ ಮಾಮಾನದು. ನಮ್ಮ ಹೆಂಚಿನ ದೇವಾಲಯದಲ್ಲಿ ರವಿವಾರದ ಉಪದೇಶವನ್ನು ಇಬ್ಬರೂ ಸರದಿಯ ಮೇಲೆ ಮಾಡುತ್ತಿದ್ದರು. ಯಾರಿಗೆ ರಕ್ಷಣೆ ಎಂಬುದನ್ನು ದೇವರು ಲೋಕ ಹುಟ್ಟುವ ಮೊದಲೇ ಗೊತ್ತುಮಾಡಿಟ್ಟಿದ್ದಾನೆ, ಮನುಷ್ಯನ ಇಚ್ಛೆಗೆ ಅಲ್ಲಿ ಕೆಲಸವಿಲ್ಲ ಎನ್ನುವುದು ಕಾಕಾನ ವಾದ. ದೇವರು ಬಾಗಿಲು ತೆರೆದಿಟ್ಟಿದ್ದಾನೆ, ಒಳಗೆ ಬರುವುದು ನಮ್ಮ ಕಾಲಿಗೆ ಬಿಟ್ಟದ್ದು ಎನ್ನುವುದು ಮಾಮಾನದು. ಹೀಗಾಗಿ ನಮ್ಮ ಸಭೆಯವರು ಒಂದು ವಾರ ನಿಶ್ಚಿಂತರಾಗಿ, ಮರುವಾರ ಗಾಬರಿಯಾಗಿ ಮನೆಗೆ ಹೋಗುತ್ತಿದ್ದರು. ಯಾರ ಉಪದೇಶಕ್ಕೆ ಯಾವುದು ಎಂದು ಈಗ ನನಗೆ ನೆನಪಿಲ್ಲ. ಎರಡಕ್ಕೂ ಎರಡೂ ಆಗಬಹುದಿತ್ತು.

ಆಟಕ್ಕೆ ಎರಡು ಪಂಗಡ ಮಾಡುವಾಗ ನಾವು ಹುಡುಗರು ಜೋಡಿಜೋಡಿಯಾಗಿ ಮರೆಗೆ ಹೋಗಿ ಗುಟ್ಟಿನ ಹೆಸರು ಇಟ್ಟುಕೊಂಡು ಬರುತ್ತಿದ್ದೆವು. "ಸೂರ್ಯ ಬೇಕೋ, ಚಂದ್ರ ಬೇಕೋ?" ಯಾರು ಸೂರ್ಯ ಎಂದು ತಿಳಿಯದೆ ನಾಯಕ ಒಬ್ಬನನ್ನು ಕರೆಯಬೇಕು. ದೇವರೂ ಹೀಗೆಯೇ ಆರಿಸುತ್ತಾನೇನು ಎಂದು ಕಾಕಾನನ್ನು ಕೇಳಿದೆ.

"ಆತಗ ಎಲ್ಲಾರ ಹೆಸರೂ ಮೊದ್ಲ ಗೊತ್ತಿರ್ತಾವಲೇ," ಎಂದ ಕಾಕಾ.

"ಹಂಗಾರ ಅದು ಮೋಸದ ಆಟ ಅಲ್ಲೇನ್ರಿ ಕಾಕಾ?"

ಮಾಮಾ ಎಷ್ಟು ನಕ್ಕನೆಂದರೆ ಬಾಯೊಳಗಿನ ಝುಣಕ ಕಾಕಾನ ಧೋತರದ ಮೇಲೆ ಬಿತ್ತು.

ಈ ಜಗಳದ ನಡುವೆ ಸಿಕ್ಕಿಬಿದ್ದವಳು ಅಪ್ಪನ ತಾಯಿ, ನಮ್ಮ ಆಯಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವಳ ಗಂಡ, ನಮ್ಮ ಮುತ್ಯಾ, ಕ್ರೈಸ್ತನಾದ. ಆಯಿ ಅವನ ಹಿಂದೆ ದೇವಾಲಯಕ್ಕೆ ಹೋಗಿ ಕೊನೆಯ ಚಾಪೆಯ ಮೇಲೆ ಕೂತಳು, ಹಾಡು ಕಲಿತಳು, ಕಸ ಗುಡಿಸಿದಳು. ದೀಕ್ಷಾಸ್ನಾನ ಮಾತ್ರ ಮಾಡಿಸಿಕೊಳ್ಳಲಿಲ್ಲ. ಹಿಂದಿನ ವರ್ಷ ಮುತ್ಯಾ ತೀರಿಕೊಂಡಿದ್ದ. ದೇವಾಲಯದ ಹಿಂದಿನ ಭೂಮಿಯಲ್ಲಿ, ಬೇವಿನ ಕೆಳಗೆ ಅವನನ್ನು ಮಣ್ಣು ಮಾಡಿದ್ದರು. ಆಯಿಗೆ ಅವನ ಬಾಜೂಕ್ಕೇ ಮಲಗಬೇಕೆಂಬ ಆಸೆ. ಆದರೆ ಆ ಜಾಗ ದೀಕ್ಷೆ ಆದವರಿಗೆ ಮಾತ್ರ.

"ಮತ್ತ ಮಾಡಿಸ್ಕೊ ಅವ್ವಾ," ಎಂದು ಅಪ್ಪ ಗೋಗರೆದರೆ ಆಕೆಯದು ಒಂದೇ ಷರತ್ತು: "ಇವರಿಬ್ಬರೂ ಮೊದ್ಲ ಒಂದ ಮಾತಿಗೆ ಬರ್ಲಿ. ದೇವರು ನನ್ನ ಆರಿಸಿದ್ರ ನಾ ಯಾಕ ಹೋಗ್ಲಿ? ನಾನ ಆರಿಸೂದಾದ್ರ ಆತ ಯಾಕ ಬೇಕು?"

ಇಬ್ಬರೂ ಒಂದು ಮಾತಿಗೆ ಬರಲು ಹವಣಿಸಿದ್ದೂ ಉಂಟು. ಒಮ್ಮೆ ಮಧ್ಯಾಹ್ನ ಊಟಕ್ಕೆ ಕೂತು ಶುರು ಮಾಡಿದ್ದು ದೀಪ ಹಚ್ಚುವತನಕ ನಡೆಯಿತು. ಎಣಗಾಯಿ ಆರಿತು, ರೊಟ್ಟಿ ಸೆಟೆಯಿತು. ಕಾಕಾ ಮಾತಿನ ಭರದಲ್ಲಿ ಕೊನೆಯ ಕರದಂಟಿನ ತುಣುಕು ಬಾಯಿಗೆ ಹಾಕಿಕೊಂಡ. "ಅದು ನಿನಗಂತ ಮೊದ್ಲ ಬರದಿತ್ತೋ, ನೀನ ಕೈ ಹಾಕಿದ್ಯೋ?" ಎಂದಳು ಆಯಿ. ಕರದಂಟು ಹಲ್ಲಿಗೆ ಅಂಟಿದ್ದರಿಂದ ಕಾಕಾನ ಉತ್ತರ ಇಂದಿಗೂ ಬಂದಿಲ್ಲ.

ಅಷ್ಟರಲ್ಲಿ ಆಯಿಗೆ ಜ್ವರ ಬಂತು. ಎದ್ದು ಕೂರುವಂತಾದ ಮೇಲೆ ಹೇಳಿದಳು: "ಇವರು ಒಂದಾಗೂದ್ರಾಗ ನಾ ಹೋಗಿರ್ತೇನಿ. ಪಾದ್ರಿ ಸಾಹೇಬ್ರಿಗೆ ಹೇಳಿ ಕಳಸ್ರಿ."

ಬೆಳಗಾವಿಯಿಂದ ಪಾದ್ರಿ ಬಂದರು. ಹೊಸ ಜಗಳ: ಕಾಕಾಗೆ ಹಣೆಗೆ ನೀರು ಚಿಮುಕಿಸಿದರೆ ಸಾಕು, ಮಾಮಾಗೆ ಹೊಳೆಯಲ್ಲಿ ಪೂರ್ತಿ ಮುಳುಗಬೇಕು. ಬೇಸಿಗೆಯ ಹೊಳೆ ತಾನೇ ತೀರ್ಪು ಕೊಟ್ಟಿತು. ಮೊಣಕಾಲಿನ ಮೇಲೆ ನೀರಿರಲಿಲ್ಲ. ಆಯಿ ಹೊಳೆಯಲ್ಲಿ ನಿಲ್ಲುವುದು, ಪಾದ್ರಿ ತಂಬಿಗೆಯಿಂದ ತಲೆಗೆ ಸುರಿಯುವುದು ಎಂದಾಯಿತು.

ಮಾಮಾ ಹೊಲಿದ ಬಿಳಿ ಕುಪ್ಪಸ ತೊಟ್ಟು ಆಯಿ ನೀರಿಗಿಳಿದಳು. ಪಾದ್ರಿ ಪುಸ್ತಕದ ಭಾಷೆಯಲ್ಲಿ ಕೇಳಿದರು: "ಅವ್ವಾ, ನೀನು ಸ್ವಂತ ಮನಸ್ಸಿನಿಂದ ಬಂದಿದ್ದೀಯಾ?"

ಆಯಿ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೂಂ ಅನ್ರಿ, ಅವ್ವಾರ," ಎಂದ ಮಾಮಾ ದಂಡೆಯಿಂದ.

"ದೇವರು ಕರದಾನ, ಬಂದೇನಿ ಅನ್ನು," ಎಂದ ಕಾಕಾ.

"ಇಬ್ಬರೂ ಬಾಯಿ ಮುಚ್ರಿ!" ಆಯಿ ಕಾಕಾನತ್ತ ಬೆರಳು ಮಾಡಿ ಪಾದ್ರಿಯ ಕಡೆ ತಿರುಗಿದಳು. "ಸಾಹೇಬ್ರ, ಇವನ ಅಪ್ಪ ಕನ್ಯಾ ನೋಡಾಕ ನಮ್ಮೂರು ದಡ್ಡಿಗೆ, ನಮ್ಮ ಮನಿಗೆ ಬಂದಿದ್ರು. ಹಿರ್ಯಾರು ನನ್ನ ನಡಸಿ ನೋಡಿದ್ರು, ಕೂದ್ಲ ಬಿಚ್ಚಿ ನೋಡಿದ್ರು, 'ಪಸಂದ' ಅಂದ್ರು. ನನ್ನ ಯಾರೂ ಕೇಳಲಿಲ್ಲ. ಆದ್ರ ಅವರು ಗಾಡಿ ಇಳಿಯೂ ಹೊತ್ತಿಗೆ ನಾ ಜ್ವಾಳದ ಚೀಲದ ಹಿಂದ ನಿಂತು ನೋಡಿ, ಮನಸಿನಾಗ ಹೂಂ ಅಂದುಬಿಟ್ಟಿದ್ದೆ. 'ನಿನ್ನ ನಾ ಆರಿಸಿದ್ದು' ಅಂತ ಸಾಯೂತನಕ ಅವರು ಅನ್ನೂದ ಅನ್ನೂದು. ನಾ ಸುಮ್ನ ನಗೂದು. ಆದ್ರ ಒಂದು ಖರೆ. ಅವರು ನಮ್ಮ ಅಂಗಳಕ್ಕ ಬರದ ಹೋಗಿದ್ರ ನಾ ಯಾರಿಗೆ ಹೂಂ ಅಂತಿದ್ದೆ?"

ಪಾದ್ರಿ ಪುಸ್ತಕ ಮುಚ್ಚಿದರು. "ಸಾಕವ್ವಾ," ಎಂದು ನೀರು ಸುರಿದರು.

ಆಯಿಯ ಸೀರೆ ಇನ್ನೂ ಒದ್ದೆಯಾಗಿತ್ತು, ದಾರಿಯಲ್ಲೇ ಕಾಕಾ ಜಗಳ ಶುರು ಮಾಡಿದ. "ನೋಡಿದ್ರಿಲ್ಲ ಬೀಗರ? ಮೊದ್ಲ ಬಂದವರು ಯಾರು?" "ಹೂಂ ಅಂದವರು ಯಾರ್ರಿ, ಅದನ್ನ ಹೇಳ್ರಿ!"

ನನ್ನ ಅಕ್ಕನ ಪ್ರಕಾರ ಇದೆಲ್ಲ ನಡೆದದ್ದು ಹೊಳೆಯಲ್ಲಲ್ಲ, ದೇವಾಲಯದೊಳಗೆ, ಹಿತ್ತಾಳೆ ಬೋಗುಣಿಯ ಮುಂದೆ. ಇರಬಹುದು. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಬಂದ ಮೇಲೆ ನನಗೆ ದೇವರಿಗಿಂತ ಹೆಚ್ಚು ಅನುಮಾನ ನನ್ನ ನೆನಪಿನ ಮೇಲೆ. ಆಯಿ ಅಷ್ಟು ಮಾತಾಡಿದಳೋ, ಅಥವಾ ಎರಡೇ ಮಾತಿಗೆ ನಾನು ಆಮೇಲೆ ಉದ್ದ ಬಾಲ ಹಚ್ಚಿದೆನೋ! ಜ್ವಾಳದ ಚೀಲ ಮಾತ್ರ ಅಕ್ಕನಿಗೂ ನೆನಪಿದೆ. ಆಯಿ ಈಗ ಬೇವಿನ ಕೆಳಗೆ ಮುತ್ಯಾನ ಬಾಜೂಕ್ಕೇ ಇದ್ದಾಳೆ. ಅದನ್ನು ಹೋಗಿ ನೋಡಬಹುದು.

ಕಾಕಾ ಇಲ್ಲ, ಮಾಮಾ ಇಲ್ಲ. ನಾನು ಯಾವ ಪಕ್ಷಕ್ಕೂ ಸೇರಲಿಲ್ಲ. ಆದರೆ ಒಬ್ಬ ಮುದುಕಿಯ ಆತ್ಮಕ್ಕಾಗಿ ಎದುರಿನ ರೊಟ್ಟಿ ಮರೆತು ದೀಪ ಹಚ್ಚುವತನಕ ಕಾದಾಡುವವರನ್ನು ಆಮೇಲೆ ಎಲ್ಲೂ ಕಾಣಲಿಲ್ಲ. ಮೊನ್ನೆ ನನ್ನ ಮಗನನ್ನು ಕೇಳಿದೆ, ನಾನು ಹೋದ ಮೇಲೆ ಎಲ್ಲಿ ಮಲಗಿಸುತ್ತೀಯೆಂದು. ಅವನು ಪೇಪರಿನಿಂದ ತಲೆ ಎತ್ತದೆ, "ನಿಮಗ ಹೆಂಗ ಬೇಕೋ ಹಂಗ, ಪಪ್ಪಾ," ಎಂದ.

ಇಷ್ಟು ಸ್ವಾತಂತ್ರ್ಯವನ್ನು ಮಾಮಾ ಕೂಡ ಕೇಳಿರಲಿಲ್ಲ.