ದ್ರಾಕ್ಷಿ ಪೆಟ್ಟಿಗೆಯ ಇಂಗ್ಲಿಷ್ ಪೇಪರು

ಕಾಗವಾಡದ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿಗೆ ರದ್ದಿ ಬರುವುದು ಮಿರಜಿನಿಂದ. ಪೆಟ್ಟಿಗೆಯ ತಳಕ್ಕೆ ಒಂದು ಹಾಳೆ, ಮೇಲೊಂದು ಹಾಳೆ, ನಡುವೆ ಹಣ್ಣು. ನಮ್ಮ ಕನ್ನಡ, ಮರಾಠಿ ಪೇಪರುಗಳು ಇದಕ್ಕೆ ನಡೆಯುವುದಿಲ್ಲವಂತೆ. ಯಾರೋ ಓದಿ, ಚಹಾ ಚೆಲ್ಲಿ, ಮುದುಡಿ ಎಸೆದ ಹಾಳೆಯ ಮೇಲೆ ಹಣ್ಣಿಟ್ಟರೆ ಮಾರ್ಕೆಟ್ಟಿನಲ್ಲಿ ಮೂಗು ಮುರಿಯುತ್ತಾರೆ. ಹಾಗಾಗಿ ಶೆಡ್ಡಿನ ಸಾವಕಾರರು ತರಿಸುವುದು ‘ಫಾರಿನ್ ರದ್ದಿ’. ಅಚ್ಚಾದ ಮೇಲೆ ಮಾರಾಟವಾಗದೆ ಉಳಿದದ್ದು, ಒಬ್ಬರೂ ಬಿಚ್ಚಿ ನೋಡದ್ದು, ಒಂದೇ ದಿನದ ಪೇಪರು ಕಟ್ಟುಗಟ್ಟಲೆ. ಹಡಗು ಹತ್ತಿ ಮುಂಬೈಗೆ ಬಂದು, ಅಲ್ಲಿಂದ ಲಾರಿಯಲ್ಲಿ ನಮ್ಮೂರು ಮುಟ್ಟುವಷ್ಟರಲ್ಲಿ ಆರೇಳು ತಿಂಗಳು ಹಳೆಯದಾಗಿರುತ್ತದೆ.

ಅದರಲ್ಲಿ ಹೆಚ್ಚಿನವು ಕೊಲ್ಲಿ ದೇಶದ ಇಂಗ್ಲಿಷ್ ಪೇಪರುಗಳು. ನಾನು ಅಥಣಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು, ಆದರೂ ನನಗೆ ಇದು ಬಹಳ ದಿನ ತಲೆಗೆ ಹೋಗಲಿಲ್ಲ. ಅರಬ್ಬಿ ಮಾತಾಡುವ ಊರಿನಲ್ಲಿ ಇಂಗ್ಲಿಷ್ ಪೇಪರು ಯಾರಿಗೆ ಬೇಕು? ಓದಿ ನೋಡಿದ ಮೇಲೆ ಗೊತ್ತಾಯಿತು. ಅದು ಹೊರಗಿನಿಂದ ಹೋಗಿ ಅಲ್ಲಿ ದೊಡ್ಡ ಕೆಲಸದಲ್ಲಿರುವವರ ಪೇಪರು. ಯಾವ ಹೋಟೆಲಿನಲ್ಲಿ ಯಾವ ಊಟ, ಯಾವ ಶಾಲೆಗೆ ಫೀ ಎಷ್ಟು, ರಜೆಗೆ ಎಲ್ಲಿ ಹೋಗಬೇಕು. ಅದೇ ಊರಿಗೆ ಹೊರಗಿನಿಂದಲೇ ಹೋಗಿ ಕಟ್ಟಡಗಳ ಗೋಡೆಗೆ ಎಸಿ ಕೂಡಿಸುತ್ತಿದ್ದ ನನ್ನ ತಮ್ಮ ಆ ಪೇಪರನ್ನು ಒಂದು ದಿನವೂ ಕೈಯಲ್ಲಿ ಹಿಡಿದವನಲ್ಲ.

ಅದು ಅವನ ಊರಿನ ಪೇಪರು ಎಂದು ಕಂಡುಹಿಡಿದವಳು ಅವ್ವ. ಅಪ್ಪ ತೀರಿಕೊಂಡಾಗಿನಿಂದ ಅವ್ವ ಸುಗ್ಗಿಯಲ್ಲಿ ಶೆಡ್ಡಿನ ಕೆಲಸಕ್ಕೆ ಹೋಗುತ್ತಾಳೆ. ಒಂದು ಭಾನುವಾರ ನಾನು ಬುತ್ತಿ ಒಯ್ದಾಗ, ಹಾಸಬೇಕಾಗಿದ್ದ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅದರಲ್ಲಿ ಒಂದು ಎತ್ತರದ ಕಟ್ಟಡದ ಫೋಟೊ.

“ಫೋನಿನಾಗ ಮಾತಾಡುವಾಗ ತಮ್ಮನ ಹಿಂದ ಇದ ಕಾಣಸ್ತೈತಿ ನೋಡ. ಇದು ಅವನ ಊರ ಹೌದೋ ಅಲ್ಲೋ ನೋಡಿ ಹೇಳ” ಎಂದಳು.

ಓದಿ ನೋಡಿದೆ. ಹೌದು, ಅವನಿದ್ದ ಊರೇ.

ಆಮೇಲೆ ಅವ್ವ ಪ್ರತಿ ಹಾಳೆಯನ್ನೂ ನೋಡಿಯೇ ಹಾಸತೊಡಗಿದಳು. ಕೆಲಸ ಮಾಡಿಸುವ ಮುಕಾದಮ ಸಿಡಿಮಿಡಿಗೊಳ್ಳುತ್ತಿದ್ದ. “ಏ ಮಾವಶಿ, ಪೇಪರ ಹಾಸಾಕ ಕೊಟ್ಟೀನಿ, ನೋಡಾಕಲ್ಲ” ಅನ್ನುತ್ತಿದ್ದ. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ದಿನಾ ಸಂಜೆ ಒಂದು ಪೇಪರು ಮನೆಗೆ ತರುವಳು, ನಾನು ಬಸ್ಸಿನಿಂದ ಇಳಿದು ಮುಖ ತೊಳೆಯುವುದಕ್ಕೂ ಬಿಡದೆ ಓದು ಅನ್ನುವಳು. ದಿನವಿಡೀ ಮಕ್ಕಳಿಗೆ ಇಂಗ್ಲಿಷ್ ಓದಿಸಿ ಬಂದವಳಿಗೆ ಮನೆಯಲ್ಲೂ ಅದೇ ಕರ್ಮವೇ ಎಂದು ನಾನು ಗೊಣಗುತ್ತಿದ್ದೆ. ಗೊಣಗುತ್ತಲೇ ಕನ್ನಡ ಮಾಡಿ ಹೇಳುತ್ತಿದ್ದೆ. ಅವಳಿಗೆ ಮೊದಲು ಬೇಕಾಗಿದ್ದದ್ದು ಬಿಸಿಲಿನ ಲೆಕ್ಕ. ಇದು ಆರು ತಿಂಗಳ ಹಿಂದಿನ ಬಿಸಿಲು ಎಂದರೆ, “ಹಳೇದಾದ್ರ ಏನಾತು, ಊರ ಅದ ಐತಲ್ಲ” ಅನ್ನುತ್ತಿದ್ದಳು.

ಶುಕ್ರವಾರ ತಮ್ಮ ಫೋನು ಮಾಡಿದಾಗ ಪೇಪರಿನ ಸುದ್ದಿಯೆಲ್ಲ ಅವನಿಗೇ ಒಪ್ಪಿಸುವಳು. ನಿಮ್ಮಲ್ಲಿ ಹೂವಿನ ಪ್ರದರ್ಶನ ಆಗಿತ್ತಲ್ಲ ಹೋಗಿದ್ದಿಯಾ, ಹೊಸ ಸೇತುವೆ ನೋಡಿದಿಯಾ. ತಮ್ಮ ನಕ್ಕು ಸಾಕಾಗಿ ಹೇಳುತ್ತಿದ್ದ, “ಅವ್ವಾ, ಅದು ಸಾಹೇಬ್ರು ಓದೂ ಪೇಪರ. ನನಗಿಂತ ನಿನಗ ಈ ಊರ ಜಾಸ್ತಿ ಗೊತ್ತೈತಿ ಬಿಡು.” ನನಗೂ ನಗು ಬರುತ್ತಿತ್ತು. ಸಿಟ್ಟೂ ಬರುತ್ತಿತ್ತು. ಏಕೆಂದರೆ ಒಳಪುಟಗಳ ಮೂಲೆಯಲ್ಲಿ ಆಗಾಗ ಎರಡು ಸಾಲು ಇರುತ್ತಿದ್ದವು: ಕೆಲಸದ ಜಾಗದಲ್ಲಿ ಏಷ್ಯಾದ ಒಬ್ಬ ಕಾರ್ಮಿಕ ಸತ್ತ. ಹೆಸರಿಲ್ಲ, ಊರಿಲ್ಲ. ಇಷ್ಟು ದೊಡ್ಡ ಏಷ್ಯಾದಲ್ಲಿ ಯಾವ ತಾಯಿಯ ಮಗ ಅವನು? ಆ ಸಾಲುಗಳನ್ನು ನಾನು ಅವ್ವನಿಗೆ ಓದಿ ಹೇಳುತ್ತಿರಲಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ತಮ್ಮ ಸತ್ತ. ಇಲ್ಲಿ ಜಿಟಿಜಿಟಿ ಮಳೆ, ಅಲ್ಲಿ ಉರಿಬಿಸಿಲು. ಅವನ ಕೋಣೆಯಲ್ಲೇ ಇದ್ದ ರಾಯಬಾಗ ಕಡೆಯ ಹುಡುಗ ಫೋನು ಮಾಡಿದ. ಅಳುತ್ತಿದ್ದ. “ಎಸಿ ಕೂಡ್ರಸಾಕ ಹಗ್ಗದ ಮ್ಯಾಲ ಹೋಗಿದ್ನ್ರಿ. ಅಲ್ಲೇ ಎಚ್ಚರ ತಪ್ಪಿತ್ರಿ ಅಕ್ಕಾರ. ಕೆಳಗ ಇಳಸಾಕ ಭಾಳ ಹೊತ್ತಾತ್ರಿ” ಎಂದ. ಫೋನಿನ ಸ್ಪೀಕರ್ ಹಾಕಿತ್ತು. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು.

ಹೆಣ ಪುಣೆಗೆ ಬಂದು, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಮನೆಗೆ ಬಂತು. ಜೊತೆಗೆ ಬಂದ ಕಾಗದದಲ್ಲಿ ಹೃದಯ ನಿಂತು ಸತ್ತ ಎಂದು ಬರೆದಿತ್ತು. ಸತ್ತವರೆಲ್ಲರ ಹೃದಯವೂ ನಿಂತೇ ನಿಲ್ಲುತ್ತದೆ. ಹಗ್ಗದ ಮಾತಿಲ್ಲ, ಬಿಸಿಲಿನ ಮಾತಿಲ್ಲ. ನಾನು ಆ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಕೇಳಿದಳು.

“ಅವನ ಊರ ಪೇಪರ್ನಾಗ ಏನ ಬರದಾರು?”

ನಾನು ಆಗಲೇ ಮೊಬೈಲಿನಲ್ಲಿ ಹುಡುಕಿದ್ದೆ. ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಹಾಗೆಂದೇ ಹೇಳಿದೆ.

“ಮೊಬೈಲಿನಾಗ ಎಲ್ಲಾ ಇರಂಗಿಲ್ಲ ಬೇ. ಇಲ್ಲೇ ಕೊಕಟನೂರಾಗ ಒಬ್ಬ ಗಾಡಿ ಮ್ಯಾಲಿಂದ ಬಿದ್ರ ನಮ್ಮ ಪೇಪರ್ನಾಗ ಹೆಸರ ಬರತೈತಿ. ಅಷ್ಟ ದೊಡ್ಡ ಪೇಪರ ಅದು. ಹರೇದ ಹುಡುಗ ಸತ್ತಾನ, ಏನೂ ಬರ್ಯಾಂಗಿಲ್ಲೇನು? ಸುಗ್ಗ್ಯಾಗ ಬರತೈತಿ, ನೋಡೂಣು.”

ಹಾಗೆ ಅವ್ವ ದ್ರಾಕ್ಷಿಯ ಹಂಗಾಮಿಗೆ ಕಾದಳು. ಮಗ ಹೇಗೆ ಸತ್ತ ಎಂದು ಆ ಊರು ಒಂದು ಮಾತಾದರೂ ಹೇಳಿರುತ್ತದೆ ಎಂಬುದೊಂದೇ ಅವಳ ಆಸೆ. ಬೇಡ, ಈ ಸಲ ಶೆಡ್ಡಿಗೆ ಹೋಗಬೇಡ ಎಂದು ನಾನು ಜಗಳ ತೆಗೆದೆ. ಅವಳು ಕೇಳಲಿಲ್ಲ. ಜನವರಿಯಲ್ಲಿ ಎಲ್ಲರಿಗಿಂತ ಮೊದಲು ಹೋದಳು. ಅವ್ವನಿಗೆ ಅಕ್ಷರ ಬರುವುದಿಲ್ಲ, ಆದರೆ ಇಂಗ್ಲಿಷ್ ಅಂಕಿ ಬರುತ್ತದೆ. ತಾರೀಖು ಹೇಗೆ ನೋಡಬೇಕೆಂದು ನನ್ನಿಂದ ಹೇಳಿಸಿಕೊಂಡಳು.

ಮೊದಲು ಬಂದವು ಜೂನ್, ಜುಲೈ ತಿಂಗಳ ಕಟ್ಟುಗಳು. ಆ ಪೇಪರು ಅಚ್ಚಾಗುವಾಗ ತಮ್ಮ ಇನ್ನೂ ಇದ್ದ, ಉಣ್ಣುತ್ತಿದ್ದ, ಶುಕ್ರವಾರ ಫೋನು ಮಾಡಿ ನಗುತ್ತಿದ್ದ. ಅವ್ವ ಆ ಹಾಳೆಗಳನ್ನು ಅಂಗೈಯಿಂದ ಸವರಿ ಸವರಿ ಹಾಸುತ್ತಿದ್ದಳಂತೆ. ಮುಕಾದಮ ಈ ಸಲ ಬೈಯಲಿಲ್ಲ. ಪಕ್ಕದಲ್ಲಿ ಕೂಡುವ ಹೆಂಗಸರು ತಮ್ಮ ಪೆಟ್ಟಿಗೆಗಳ ಜೊತೆಗೆ ಅವಳ ಪಾಲಿನವನ್ನೂ ತುಂಬಿ ಇಡುತ್ತಿದ್ದರು.

ಮಾರ್ಚಿ ತಿಂಗಳಲ್ಲಿ ಆ ಕಟ್ಟು ಬಂತು. ಅವನು ಸತ್ತ ಮರುದಿನದ ಪೇಪರು. ಅವ್ವ ತಾರೀಖು ತೋರಿಸಿದಾಗ ಸಾವಕಾರರು ಅದನ್ನು ಬೇರೆ ಇಡಿಸಿ ನನಗೆ ಹೇಳಿ ಕಳಿಸಿದರು. ಭಾನುವಾರ ಹೋದೆ. ಮುಕಾದಮ ಸುತಳಿ ಕೊಯ್ದು ಒಂದನ್ನು ಎಳೆದು ಕೊಟ್ಟ. “ಕುಂತ ಓದ್ರಿ ಟೀಚರ, ಗಡಬಡಿ ಇಲ್ಲ” ಎಂದ. ಹೆಂಗಸರು ದ್ರಾಕ್ಷಿ ಗೊನೆ ಸವರುವ ಕತ್ತರಿ ಕೆಳಗಿಟ್ಟರು.

ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದೆ. ಮೂಲೆಗಳನ್ನೆಲ್ಲ ನೋಡಿದೆ. ಮಾರಾಟದ ಜಾಹೀರಾತುಗಳನ್ನೂ ಬಿಡಲಿಲ್ಲ. ಏಷ್ಯಾದ ಒಬ್ಬ ಕಾರ್ಮಿಕ ಎಂಬ ಎರಡು ಸಾಲನ್ನು ನಾನು ಎಷ್ಟು ದ್ವೇಷಿಸುತ್ತಿದ್ದೆನೋ, ಅವತ್ತು ಅದಾದರೂ ಸಿಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅದೂ ಇರಲಿಲ್ಲ.

“ಏನಿಲ್ಲ ಅವ್ವಾ” ಎಂದೆ.

ಅವ್ವ ಪೇಪರನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒಂದೊಂದೇ ಪುಟ ಮಗುಚಿದಳು. ಒಂದು ಫೋಟೊದ ಹತ್ತಿರ ನಿಂತಳು. “ಇದೇನ?”

ಆ ಪೇಪರಿನಲ್ಲಿ ಬೆಕ್ಕು ನಾಯಿಗಳ ಸುದ್ದಿ ಬರುವುದು ಹೊಸದಲ್ಲ. ಯಾರದೋ ಸಾಕಿದ ಬೆಕ್ಕು, ಒಂಬತ್ತನೆಯ ಅಂತಸ್ತಿನ ಕಿಟಕಿಯ ಸಜ್ಜದ ಮೇಲೆ ಹೋಗಿ ಸಿಕ್ಕಿಬಿದ್ದಿತ್ತು. ಬೆಂಕಿ ಆರಿಸುವವರು ಏಣಿ ಗಾಡಿ ತಂದಿದ್ದರು. ಬೆಕ್ಕಿನ ಹೆಸರನ್ನೂ ಬರೆದಿದ್ದರು. ಹೇಳದೆ ಬಿಡೋಣವೆಂದುಕೊಂಡೆ, ಆದರೆ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದೆ.

“ಇಳಿಸಿದ್ರೇನು?”

“ಹ್ಞೂ, ಇಳಿಸಿದ್ರು.”

“ಲಗೂನ ಇಳಿಸಿದ್ರೇನು?”

ಹೌದೆಂದು ತಲೆಯಾಡಿಸಿದೆ.

“ಚಲೋ ಆತು. ಪಾಪ, ಅದಕ್ಕೂ ಜೀವ ಐತಿ” ಎಂದಳು ಅವ್ವ. ಅಣಕವಿರಲಿಲ್ಲ ಆ ಮಾತಿನಲ್ಲಿ. ನನಗೆ ಆ ಇಡೀ ಊರಿನ ಮೇಲೆ ಬಂದಿದ್ದ ಸಿಟ್ಟು ಅವಳಿಗೆ ಬಂದಿರಲೇ ಇಲ್ಲ. ಮೋರೆ ಒರೆಸಿಕೊಂಡು, ಆ ಪೇಪರನ್ನು ಬಿಡಿಸಿ, ಖಾಲಿ ಪೆಟ್ಟಿಗೆಯ ತಳಕ್ಕೆ ಹಾಸಿದಳು. ಹೆಂಗಸರು ಮತ್ತೆ ಕತ್ತರಿ ಹಿಡಿದರು. ಮುಕಾದಮ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಗೋಡೆಯ ಹತ್ತಿರ ಉಳಿದಿದ್ದ ಹಳೆಯ ಕಟ್ಟಿನ ಕಡೆ ಕೈ ತೋರಿಸಿದಳು.

“ಇದು ಬ್ಯಾಡ. ಅವ ಇದ್ದಾಗಿಂದು ಒಂದು ತಗದು ಓದ ಬೇ.”

ಜೂನ್ ತಿಂಗಳದ್ದೊಂದನ್ನು ಎಳೆದು ತಂದು ಅವಳ ಪಕ್ಕದಲ್ಲಿ ಕೂತೆ. ಅವತ್ತು ಅಲ್ಲಿ ಬಿಸಿಲು ಎಷ್ಟಿತ್ತು ಎಂಬಲ್ಲಿಂದ ಓದತೊಡಗಿದೆ.